ಆಸ್ಟ್ರಿಯಾ–ಅಮೆರಿಕ ನಂಟು: 'ಸೌಂಡ್ ಆಫ್ ಮ್ಯೂಸಿಕ್' ಆಚೆಗೆ ಏನೇನಿದೆ?

ಮಲೆನಾಡ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ವಿಯೆನ್ನಾಕ್ಕೆ ಬಂದು ಏಳು ವರ್ಷವಾಯಿತು. ಮನೆ ಎರಡನೇ ಜಿಲ್ಲೆಯಲ್ಲಿ, ಲಿಯೋಪೋಲ್ಡ್‌ಸ್ಟಾಟ್ ಅನ್ನುತ್ತಾರೆ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗುವ ಮೊದಲು ಇಲ್ಲಿ ಯೆಹೂದಿಗಳು ಬಹಳ ಇದ್ದರು. ಈಗ ಫುಟ್‌ಪಾತಿನ ಕಲ್ಲುಗಳ ನಡುವೆ ಅಲ್ಲಲ್ಲಿ ಹಿತ್ತಾಳೆಯ ಫಲಕ ಕಾಣುತ್ತವೆ. ಆ ಮನೆಯಿಂದ ಯಾರನ್ನು ಎಳೆದುಕೊಂಡು ಹೋದರು ಅಂತ ಹೆಸರು ಬರೆದಿರುತ್ತದೆ.

ಹೋದ ಶನಿವಾರ ಕಾರ್ಮೆಲಿಟರ್ ಮಾರ್ಕೆಟ್ಟಿನಿಂದ ತರಕಾರಿ ತಂದು ಬಾಗಿಲು ತೆಗೆಯುತ್ತಿದ್ದೆ. ಎಪ್ಪತ್ತರ ಆಸುಪಾಸಿನ ಅಮೆರಿಕದ ಹೆಂಗಸೊಬ್ಬರು ಹಳೇ ಲಕೋಟೆ ಹಿಡಿದು ನಮ್ಮ ಕಟ್ಟಡದ ನಂಬರನ್ನೇ ನೋಡುತ್ತ ನಿಂತಿದ್ದರು. ಅವರ ತಂದೆ ಹುಟ್ಟಿದ್ದು ಇದೇ ಕಟ್ಟಡದ ಮೂರನೇ ಮಹಡಿಯಲ್ಲಂತೆ. ಹನ್ನೊಂದು ವರ್ಷದ ಹುಡುಗನನ್ನು ಒಬ್ಬನೇ ಹಡಗು ಹತ್ತಿಸಿದ ಅಪ್ಪ ಅಮ್ಮ ಇಲ್ಲೇ ಉಳಿದರು. ಲಕೋಟೆಯಲ್ಲಿದ್ದುದು ಅವರು ಬರೆದ ಕೊನೆಯ ಕಾಗದ.

ಒಳಗೆ ಕರೆದುಕೊಂಡು ಹೋದೆ. ಮೆಟ್ಟಿಲಿನ ಕಬ್ಬಿಣದ ಕಟಕಟೆ ಹಳೆಯದು, ಯಾರೂ ಬದಲಾಯಿಸಿಲ್ಲ. ಕೆಳಗಿನಿಂದ ಮೂರನೇ ಮಹಡಿಯವರೆಗೂ ಅವರು ಅದರ ಮೇಲಿಂದ ಕೈ ತೆಗೆಯಲಿಲ್ಲ. ಆ ಮನೆ ಬಾಗಿಲು ತಟ್ಟಿದೆವು, ಒಳಗೆ ಯಾರೂ ಇರಲಿಲ್ಲ.

ಇಳಿಯುವಾಗ ಚೀಲದಿಂದ ಹೊಸ ಪಾಸ್‌ಪೋರ್ಟ್ ತೆಗೆದು ತೋರಿಸಿದರು. ಆಸ್ಟ್ರಿಯಾದ್ದು. 2020ರ ಸೆಪ್ಟೆಂಬರ್ 1ರಿಂದ ಇಲ್ಲಿ ಒಂದು ಕಾನೂನು ಜಾರಿಯಲ್ಲಿದೆ: ನಾಜಿಗಳ ಕಾಟಕ್ಕೆ ದೇಶ ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ತಮ್ಮ ಈಗಿನ ಪೌರತ್ವ ಬಿಡದೆಯೇ ಆಸ್ಟ್ರಿಯಾದ ಪೌರರಾಗಬಹುದು. ನಮ್ಮಂಥವರು ಇಲ್ಲಿಯ ಪೌರತ್ವ ತೆಗೆದುಕೊಂಡರೆ ಭಾರತದ್ದನ್ನು ಬಿಡಲೇಬೇಕು, ಹಾಗಾಗಿ ಇದು ಎಷ್ಟು ದೊಡ್ಡ ವಿನಾಯಿತಿ ಅಂತ ನನಗೆ ಚೆನ್ನಾಗಿ ಗೊತ್ತು.

ಇಲ್ಲಿಗೆ ಬರುವ ಮುಂಚೆ ಆಸ್ಟ್ರಿಯಾಕ್ಕೂ ಅಮೆರಿಕಕ್ಕೂ ಏನು ಸಂಬಂಧ ಅಂತ ಕೇಳಿದ್ದರೆ 'ಸೌಂಡ್ ಆಫ್ ಮ್ಯೂಸಿಕ್' ಸಿನಿಮಾದ, ಶಾಲೆಯಲ್ಲಿ ಹಾಡಿದ 'ಡೋ ರೇ ಮಿ' ನೆನಪಾಗುತ್ತಿತ್ತು. ಮೊನ್ನೆಯಿಂದ ಅದು ಸಾಲುತ್ತಿಲ್ಲ. ತಿಳಿದವರು ಬರೆಯಿರಿ.

ತಂಬೂರಿ

ಮೊದಲು ಆ ಸಿನಿಮಾದ್ದೇ ಹೇಳಿಬಿಡ್ತೀನಿ. ಸಾಲ್ಸ್‌ಬರ್ಗಿನಿಂದ ನಾಜಿಗಳ ಕೈ ತಪ್ಪಿಸಿಕೊಂಡು ಹೋದ ಟ್ರಾಪ್ ಎಂಬ ಹಾಡುಗಾರ ಕುಟುಂಬದ ಕಥೆ, 1965ರಲ್ಲಿ ಬಂತು. ಅದಕ್ಕೆ ಮುಂಚೆ 1959ರಲ್ಲಿ ಬ್ರಾಡ್‌ವೇ ನಾಟಕ. ಕೊನೆಯಲ್ಲಿ ಕುಟುಂಬ ಬೆಟ್ಟ ಹತ್ತಿ ಸ್ವಿಟ್ಜರ್‌ಲೆಂಡಿಗೆ ಹೋಗುತ್ತದಲ್ಲ, ನಿಜವಾಗಿ ನಡೆದದ್ದು ಹಾಗಲ್ಲ. ಟ್ರಾಪ್ ಕುಟುಂಬ 1938ರಲ್ಲಿ ರೈಲು ಹತ್ತಿ ಇಟಲಿಗೆ ಹೋಯಿತು. ಸಾಲ್ಸ್‌ಬರ್ಗಿನ ಬೆಟ್ಟ ದಾಟಿದರೆ ಸಿಗುವುದು ಜರ್ಮನಿ, ಅದೂ ಹಿಟ್ಲರನ ಬೆಟ್ಟದ ಮನೆ ಇದ್ದ ಕಡೆ. ಕೊನೆಗೆ ಅವರು ನೆಲೆ ನಿಂತದ್ದು ಅಮೆರಿಕದ ವರ್ಮಾಂಟ್ ರಾಜ್ಯದ ಸ್ಟೋವ್‌ನಲ್ಲಿ.

ಅದರಲ್ಲಿ ಬರುವ 'ಎಡೆಲ್‌ವೈಸ್' ಆಸ್ಟ್ರಿಯಾದ ಜನಪದ ಗೀತೆ ಅಂತ ನಂಬಿದವರು ಎಷ್ಟೋ ಜನ. ಅದು ಅಮೆರಿಕದಲ್ಲಿ ಆ ನಾಟಕಕ್ಕೆಂದೇ ಹುಟ್ಟಿದ ಹಾಡು, ಆಸ್ಕರ್ ಹ್ಯಾಮರ್‌ಸ್ಟೈನ್ ಬರೆದ ಕೊನೆಯ ಹಾಡು. ಹುಟ್ಟೂರು ಯಾವುದಾದರೂ ಆಗಲಿ, ಹಾಡು ಮಾತ್ರ ಬಹಳ ಚೆನ್ನಾಗಿದೆ.

ಆಸ್ಟ್ರಿಯಾದಿಂದ ಅಮೆರಿಕಕ್ಕೆ ಹೋದ ಹಾಡೂ ಇದೆ. 'ಸೈಲೆಂಟ್ ನೈಟ್' ಹುಟ್ಟಿದ್ದು 1818ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಸಾಲ್ಸ್‌ಬರ್ಗ್ ಬಳಿಯ ಓಬರ್ನ್‌ಡೋರ್ಫ್‌ನಲ್ಲಿ. ಟಿರೋಲಿನ ಸಿಲ್ಲರ್‌ಟಾಲ್ ಕಣಿವೆಯ ರೈನರ್ ಹಾಡುಗಾರರು 1839ರಲ್ಲಿ ಅದನ್ನು ನ್ಯೂಯಾರ್ಕಿನ ಟ್ರಿನಿಟಿ ಚರ್ಚಿನ ಹೊರಗೆ ಹಾಡಿದರು. ಅಮೆರಿಕಕ್ಕೆ ಆ ಹಾಡು ಸಿಕ್ಕಿದ್ದು ಹಾಗೆ.

ಶಿಡ್ಲಘಟ್ಟದ ಅಜ್ಜಿ

ಮಗೂ, ನಾನು ಓದಿದವಳಲ್ಲ, ನೋಡಿದ್ದನ್ನ ಹೇಳ್ತೀನಿ. ನನ್ನ ಮಗ ಅಮೆರಿಕದ ಜಾರ್ಜಿಯಾದಲ್ಲಿದಾನೆ. ಎರಡು ವರ್ಷದ ಹಿಂದೆ ಸವಾನಾ ಊರು ನೋಡಕ್ಕೆ ಕರಕೊಂಡು ಹೋದ. ಅಲ್ಲಿಂದ ಸ್ವಲ್ಪ ದೂರ ನದೀ ದಂಡೇಲಿ ಎಬೆನೆಜರ್ ಅಂತ ಜಾಗ. ಒಂದು ಇಟ್ಟಿಗೆ ಚರ್ಚು, ಸುತ್ತ ದೊಡ್ಡ ದೊಡ್ಡ ಮರ, ಊರು ಅನ್ನೋದೇ ಇಲ್ಲ. ಅದನ್ನ ಕಟ್ಟಿದೋರು ಈ ಸಾಲ್ಸ್‌ಬರ್ಗಿನೋರು. 1769ರಲ್ಲಿ ಮುಗಿದದ್ದಂತೆ, ಈಗಲೂ ಪೂಜೆ ನಡೆಯುತ್ತೆ. ಇಟ್ಟಿಗೆ ಹಸಿ ಇದ್ದಾಗ ಮೂಡಿದ ಬೆರಳ ಗುರುತು ಹಾಗೇ ಇದಾವೆ. ನಾನೂ ಬೆರಳು ಇಟ್ಟು ನೋಡಿದೆ.

ಅಲ್ಲಿ ಹೇಳಿದ್ದನ್ನ ಮಗ ಬರೆದುಕೊಂಡಿದ್ದ, ಅದನ್ನ ನೋಡ್ಕೊಂಡು ಬರೀತಾ ಇದೀನಿ. ಸಾಲ್ಸ್‌ಬರ್ಗನ್ನ ಆಗ ಆಳ್ತಾ ಇದ್ದದ್ದು ಕ್ಯಾಥೊಲಿಕ್ ಆರ್ಚ್‌ಬಿಷಪ್, ಫಿರ್ಮಿಯಾನ್ ಅಂತ. 1731ರ ಅಕ್ಟೋಬರ್ ಕೊನೇಲಿ ಆಜ್ಞೆ ಹೊರಡಿಸಿದ: ಲೂಥರನ ಮತದೋರೆಲ್ಲ, ಅಂದ್ರೆ ಪ್ರೊಟೆಸ್ಟೆಂಟ್ ಕ್ರೈಸ್ತರು, ರಾಜ್ಯ ಬಿಟ್ಟು ಹೋಗಬೇಕು. ಆಸ್ತಿ ಇಲ್ಲದ ಕೂಲಿಯೋರಿಗೆ ಎಂಟೇ ದಿನ. ಚಳಿಗಾಲ ಬೇರೆ. ಇಪ್ಪತ್ತು ಸಾವಿರ ಜನ ಹೊರಟರಂತೆ. ಬಹುಪಾಲು ಪ್ರಷ್ಯಾ ಅನ್ನೋ ಜರ್ಮನ್ ರಾಜ್ಯಕ್ಕೆ ಹೋದರು. ಒಂದು ಚಿಕ್ಕ ಗುಂಪು ಹಡಗು ಹತ್ತಿ 1734ರ ಮಾರ್ಚಲ್ಲಿ ಜಾರ್ಜಿಯಾಕ್ಕೆ ಬಂತು. ಮೊದಲು ಕೊಟ್ಟ ಭೂಮಿ ಸರಿ ಇಲ್ಲ, ಬೆಳೆ ಬರಲಿಲ್ಲ, ಕಾಯಿಲೆ ಬಿದ್ದು ಬಹಳ ಜನ ಸತ್ತರು. ಎರಡು ವರ್ಷಕ್ಕೆ ಎಲ್ಲಾ ಕಿತ್ತುಕೊಂಡು ನದೀ ದಂಡೆಗೆ ಬಂದು ಎರಡನೇ ಸಲ ಊರು ಕಟ್ಟಿದರು.

ನನಗೆ ಕಣ್ಣಲ್ಲಿ ನೀರು ಬಂದದ್ದು ಎಲ್ಲಿ ಗೊತ್ತಾ? ಅವರು ಅಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳ ಮೇಯಿಸಿದ್ದರು. ನಾನು ಹುಟ್ಟಿದಾಗಿನಿಂದ ಸೊಪ್ಪು ಕೊಯ್ದು, ಚಂದ್ರಿಕೆ ಮೇಲೆ ಹುಳ ಬಿಟ್ಟು, ಗೂಡು ಬಿಡಿಸಿ ಬೆಳೆದೋಳು. ಹಣ್ಣಾದ ಹುಳ ಒಂದು ಹೊತ್ತೂ ಕಾಯಲ್ಲ, ರಾತ್ರಿ ನಿದ್ದೆ ಇರಲ್ಲ. ಬೆಟ್ಟದ ಮೇಲೆ ದನ ಕಾಯ್ದುಕೊಂಡಿದ್ದ ಜನ, ಭಾಷೆ ಗೊತ್ತಿಲ್ಲದ ದೇಶಕ್ಕೆ ಬಂದು ಈ ಕೆಲಸ ಕಲಿತರಲ್ಲಾ ಅಂತ ಅನ್ನಿಸಿತು.

ಧಾರವಾಡ ಮಾಸ್ತರ

ಅಜ್ಜೀ, ನೀವು ಓದಿಲ್ಲ ಅನ್ನಬ್ಯಾಡ್ರಿ. ನಾನು ಮೂವತ್ತು ವರ್ಷ ಇತಿಹಾಸ ಕಲಿಸೇನಿ, ನೀವು ಹೇಳಿದ್ದು ನಾನು ಒಂದು ದಿನಾನೂ ಪಾಠದಾಗ ಹೇಳಿಲ್ಲ.

ಒಂದು ಮಾತು ಕೂಡಸ್ತೇನಿ. ಜಾರ್ಜಿಯಾ ಬ್ರಿಟಿಷರ ವಸಾಹತಾಗಿ ಶುರುವಾದಾಗ ಅಲ್ಲಿ ಗುಲಾಮಗಿರಿ ನಿಷೇಧ ಇತ್ತು. ಸುತ್ತಲಿನ ವಸಾಹತಿನವರು ಗುಲಾಮರು ಬೇಕು ಅಂತ ಗದ್ದಲ ಎಬ್ಬಿಸಿದಾಗ, 1739ರಾಗ ಎಬೆನೆಜರ್ ಮಂದಿ 'ನಮಗ ಬ್ಯಾಡ, ನಮ್ಮ ಕೈಲೆ ದುಡದು ತಿಂತೇವಿ' ಅನ್ನೋ ಅರ್ಥದಾಗ ಅರ್ಜಿ ಬರದು ಕೊಟ್ರು. ಆದ್ರ 1751ಕ್ಕ ನಿಷೇಧ ಹೋತು. ಮುಂದ ಎಬೆನೆಜರಿನಾಗೂ ಗುಲಾಮರನ್ನ ಇಟಗೊಂಡ್ರು. ಎರಡೂ ಖರೇ ಅದ, ಎರಡನ್ನೂ ಹೇಳಬೇಕು.

ಇನ್ನ ನನ್ನ ತಕರಾರು. 'ಆಸ್ಟ್ರಿಯಾದವರು' ಅಂದ್ರ ಯಾರು? ಈಗಿನ ಆಸ್ಟ್ರಿಯಾ 1918ರಾಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಒಡದ ಮ್ಯಾಲೆ ಉಳದ ತುಂಡು. 1901ರಿಂದ 1910ರ ತನಕ ಆಸ್ಟ್ರಿಯಾ-ಹಂಗೇರಿಯಿಂದ ಅಮೆರಿಕಕ್ಕ ಹೋದವರು 21 ಲಕ್ಷಕ್ಕೂ ಹೆಚ್ಚು. ಅವರೊಳಗ ಪೋಲಿಷರು, ಝೆಕ್ಕರು, ಸ್ಲೊವಾಕರು, ಹಂಗೇರಿಯನ್ನರು, ಕ್ರೊಯೇಷಿಯನ್ನರು, ಯೆಹೂದಿಗಳೇ ಹೆಚ್ಚು. ವಲಸೆ ಬಂದವರನ್ನ ತಪಾಸ ಮಾಡ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ದಫ್ತರದಾಗ 'ಆಸ್ಟ್ರಿಯಾ' ಅಂತ ಬರಿಸಿದ ಎಷ್ಟೋ ಮನಿತನದವರು ಈಗ ತಮ್ಮನ್ನ ಪೋಲಿಷ್ ಅಂತಾರ, ಸ್ಲೊವೇನಿಯನ್ ಅಂತಾರ. ಸಿನಿಮಾ ನಿರ್ದೇಶಕ ಬಿಲ್ಲಿ ವೈಲ್ಡರ್ ಹುಟ್ಟಿದ ಊರು ಸೂಖಾ ಇವತ್ತು ಪೋಲೆಂಡಿನಾಗ ಅದ.

ಜರ್ಮನ್ ಮಾತಾಡೋ ರೈತರೂ ಹೋದ್ರು. ಬುರ್ಗೆನ್‌ಲ್ಯಾಂಡ್ ಅನ್ನೋ ಪೂರ್ವದ ತುದಿ 1921ರ ತನಕ ಹಂಗೇರಿಯೊಳಗಿತ್ತು. ಅಲ್ಲಿಯ ಬಡವರು ಶಿಕಾಗೋಕ್ಕ, ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ಕ್ಕ ಎಷ್ಟು ಮಂದಿ ಹೋದ್ರಂದ್ರ, ಬುರ್ಗೆನ್‌ಲ್ಯಾಂಡಿನ ಅತಿ ದೊಡ್ಡ ಊರು ಶಿಕಾಗೋ ಅನ್ನೋ ಮಾತು ಇವತ್ತಿಗೂ ಅದ. ಲಿಂಟ್ಸ್ ಊರಿನ ಔಸ್ಟರ್‌ಲಿಟ್ಸ್ ಅನ್ನಾಂವ ಒಮಾಹಾಕ್ಕ ಹೋಗಿ ಬಿಯರ್ ಕಾರಖಾನಿಯಾಗ ದುಡದ. ಅವನ ಮಗ ಹೆಸರು ಬದಲಾಯಿಸಿ ಹಾಲಿವುಡ್ಡಿನ ಹೆಸರಾಂತ ನೃತ್ಯಗಾರ ಫ್ರೆಡ್ ಆಸ್ಟೇರ್ ಆದ.

ಸಾಮ್ರಾಜ್ಯ ಒಡಿಯೋದ್ರಾಗೂ ಅಮೆರಿಕದ ಕೈ ಇತ್ತು. ಮೊದಲನೇ ಮಹಾಯುದ್ಧ ಮುಗಸಲಿಕ್ಕೆ ಅಧ್ಯಕ್ಷ ವಿಲ್ಸನ್ನರು ಮುಂದಿಟ್ಟ 14 ಅಂಶದಾಗ ಹತ್ತನೇದು ಇದರ ಬಗ್ಗೇನ. ಯುದ್ಧ ಮುಗದ ಮ್ಯಾಲೆ ಹಸಿದ ವಿಯೆನ್ನಾದ ಮಕ್ಕಳಿಗೆ ಅನ್ನ ಹಾಕಿದ್ದೂ ಅಮೆರಿಕಾನ, ಹರ್ಬರ್ಟ್ ಹೂವರ್ ನಡಿಸಿದ ಪರಿಹಾರ ಸಂಸ್ಥೆ.

ತಂಬೂರಿ

ಅಜ್ಜೀ! ಫಿರ್ಮಿಯಾನ್ ಹೆಸರು ನೋಡಿ ಎದ್ದು ಕೂತೆ. ಸಾಲ್ಸ್‌ಬರ್ಗಿನಲ್ಲಿ ಕೆರೆ ಪಕ್ಕ ಲಿಯೋಪೋಲ್ಡ್ಸ್‌ಕ್ರೋನ್ ಅರಮನೆ ಇದೆ. ಅದನ್ನು 1736ರಲ್ಲಿ ಕಟ್ಟಿಸಲು ತೊಡಗಿದ್ದು ಇದೇ ಆರ್ಚ್‌ಬಿಷಪ್, ಲಿಯೋಪೋಲ್ಡ್ ಅವನ ಹೆಸರೇ. ಅಂದರೆ ಅವನು ಓಡಿಸಿದ ಜನ ಜಾರ್ಜಿಯಾದ ನದೀ ದಂಡೆಯಲ್ಲಿ ಎರಡನೇ ಸಲ ಗುಡಿಸಲು ಹಾಕುತ್ತಿದ್ದ ಅದೇ ವರ್ಷ.

ಆ ಅರಮನೆಯ ಮುಂದಿನ ಕಥೆ ಕೇಳಿ. 1918ರಲ್ಲಿ ಅದನ್ನು ಕೊಂಡದ್ದು ರಂಗನಿರ್ದೇಶಕ ಮಾಕ್ಸ್ ರೈನ್‌ಹಾರ್ಟ್, 1920ರಲ್ಲಿ ಸಾಲ್ಸ್‌ಬರ್ಗ್ ಉತ್ಸವ ಶುರು ಮಾಡಿದವರಲ್ಲಿ ಒಬ್ಬರು. ಪಾಳುಬಿದ್ದಿದ್ದ ಅರಮನೆಯನ್ನು ಇಪ್ಪತ್ತು ವರ್ಷ ಕೈಯಾರೆ ಸರಿಮಾಡಿಸಿದರು. ಅವರು ಯೆಹೂದಿ. 1938ರಲ್ಲಿ ನಾಜಿಗಳು ಮನೆ ಕಿತ್ತುಕೊಂಡರು. ರೈನ್‌ಹಾರ್ಟ್ ಅಮೆರಿಕದಲ್ಲಿದ್ದರು, 1943ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಮನೆಗೆ ಮತ್ತೆ ಕಾಲಿಡಲೇ ಇಲ್ಲ.

1947ರಲ್ಲಿ ಹಾರ್ವರ್ಡಿನ ಮೂವರು ಆ ಅರಮನೆಯಲ್ಲಿ ಬೇಸಿಗೆ ಶಿಬಿರ ನಡೆಸಿದರು. ಅವರಲ್ಲಿ ಕ್ಲೆಮೆನ್ಸ್ ಹೆಲ್ಲರ್ ವಿಯೆನ್ನಾದವರು. ಜಾಗ ಕೊಟ್ಟವರು ರೈನ್‌ಹಾರ್ಟರ ಹೆಂಡತಿ, ನಟಿ ಹೆಲೆನೆ ಟಿಮಿಗ್. ಎರಡು ವರ್ಷದ ಹಿಂದೆ ಒಬ್ಬರಿಗೊಬ್ಬರು ಗುಂಡು ಹಾರಿಸಿದ್ದ ದೇಶಗಳ ಹುಡುಗ ಹುಡುಗಿಯರು ಅಲ್ಲಿ ಒಟ್ಟಿಗೆ ಕೂತು ಅಮೆರಿಕದ ಸಾಹಿತ್ಯ, ಸಮಾಜಶಾಸ್ತ್ರ ಓದಿದರು. ಪಾಠ ಹೇಳಿದವರಲ್ಲಿ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಕೂಡ ಇದ್ದರು. ಆ ಸಂಸ್ಥೆ ಈಗಲೂ ನಡೆಯುತ್ತಿದೆ. 1965ರ ಸಿನಿಮಾದಲ್ಲಿ ಟ್ರಾಪ್ ಮನೆಯ ನೃತ್ಯದ ಹಜಾರ ಕಾಣುತ್ತದಲ್ಲ, ಅದು ಈ ಅರಮನೆಯ ಕೋಣೆಯ ನಕಲು.

ಮಲೆನಾಡ ಹುಡುಗಿ, ನೀವು ಸಿನಿಮಾ ಆಚೆಗೆ ಅಂದಿರಿ. ನನಗೆ ಈಗ ಆ ಸಿನಿಮಾದ ಹಿಂದಿನ ಗೋಡೆಯಲ್ಲೇ ಎಲ್ಲ ಕಾಣುತ್ತಿದೆ.

ಶಿಡ್ಲಘಟ್ಟದ ಅಜ್ಜಿ

ಅಯ್ಯೋ ದೇವರೇ. ಇದನ್ನ ಮಗನಿಗೆ ಓದಿ ಹೇಳ್ತೀನಿ.

ಹೊಬೊಕನ್ ಹೊಳೆಸಾಲು

ನಾನಿರುವುದು ನ್ಯೂಜೆರ್ಸಿಯ ಹೊಬೊಕನ್‌ನಲ್ಲಿ. ನಮ್ಮೂರಿನ ಒಬ್ಬರ ಬಗ್ಗೆ ಹೇಳಬೇಕು, ಹಾನ್ಸ್ ಕುಡ್ಲಿಖ್. 1848ರ ಕ್ರಾಂತಿಯಲ್ಲಿ ವಿಯೆನ್ನಾದ ಸಂಸತ್ತಿಗೆ ಆರಿಸಿ ಬಂದ ಅತ್ಯಂತ ಚಿಕ್ಕವಯಸ್ಸಿನ ಸದಸ್ಯ. ರೈತನ ಮಗ. ಜಮೀನ್ದಾರರಿಗೆ ಬಿಟ್ಟಿ ದುಡಿಯುವ ಪದ್ಧತಿ ರದ್ದಾಗಬೇಕು ಎಂದು ಜುಲೈಯಲ್ಲಿ ಠರಾವು ಮಂಡಿಸಿದರು, ಸೆಪ್ಟೆಂಬರಿನಲ್ಲಿ ಅದು ಕಾನೂನಾಯಿತು. ಅಷ್ಟರಲ್ಲಿ ಕ್ರಾಂತಿ ಮುರಿಯಿತು. ಅವರಿಗೆ ಮರಣದಂಡನೆ ವಿಧಿಸಿದರು, ಅವರು ತಪ್ಪಿಸಿಕೊಂಡು ಕೊನೆಗೆ ಇಲ್ಲಿಗೆ ಬಂದು ಡಾಕ್ಟರಾಗಿ ರೋಗಿಗಳನ್ನು ನೋಡುತ್ತ ಬದುಕಿದರು. 1917ರಲ್ಲಿ ಇಲ್ಲೇ ತೀರಿಕೊಂಡರು. ನಮ್ಮಜ್ಜ ಗೇಣಿ ಒಕ್ಕಲು. ಉಳುವವನೇ ಹೊಲದೊಡೆಯ ಕಾನೂನು ಬಂದಾಗ ಮನೆಯಲ್ಲಿ ದೀಪ ಹಚ್ಚಿದ್ದರಂತೆ. ಅದಕ್ಕೇ ಈ ಮನುಷ್ಯನ ಮೇಲೆ ನನಗೆ ಅಷ್ಟು ಅಭಿಮಾನ.

ಕಲ್ಲು ಗಾರೆ

ಬೆಂಗಳೂರಿನ ಆರ್ಕಿಟೆಕ್ಟ್ ನಾನು. ನೀವು ಮಾಲ್‌ಗೆ ಹೋಗುತ್ತೀರಲ್ಲ, ಆ ಕಲ್ಪನೆ ವಿಯೆನ್ನಾದಿಂದ ಅಮೆರಿಕಕ್ಕೆ ಹೋದದ್ದು. ವಿಕ್ಟರ್ ಗ್ರೂಯನ್, ಮೂಲ ಹೆಸರು ಗ್ರ್ಯೂನ್‌ಬೌಮ್, ಹುಟ್ಟಿದ್ದು 1903ರಲ್ಲಿ. ಹಗಲು ಆರ್ಕಿಟೆಕ್ಚರ್, ರಾತ್ರಿ ರಾಜಕೀಯ ಪ್ರಹಸನಗಳ ರಂಗ. 1938ರಲ್ಲಿ ಬರಿಗೈಯಲ್ಲಿ ನ್ಯೂಯಾರ್ಕಿಗೆ ಓಡಿದರು. 1956ರಲ್ಲಿ ಮಿನ್ನಿಯಾಪೊಲಿಸ್ ಹತ್ತಿರದ ಇಡೈನಾದಲ್ಲಿ ಅವರ ಸೌತ್‌ಡೇಲ್ ಸೆಂಟರ್ ತೆರೆಯಿತು. ಪೂರ್ತಿ ಮುಚ್ಚಿದ, ಒಳಗೆಲ್ಲ ಒಂದೇ ಹದದ ಹವೆ ಇರುವ ಮೊದಲ ಮಾಲ್.

ಆದರೆ ಅವರ ಮನಸ್ಸಿನಲ್ಲಿದ್ದುದು ಅಂಗಡಿ ಅಲ್ಲ, ಪೇಟೆ. ಕಾರಿನಲ್ಲೇ ಬದುಕುವ ಅಮೆರಿಕದ ಬಡಾವಣೆಗಳಲ್ಲಿ ಜನ ಕಾಲ್ನಡೆಯಲ್ಲಿ ಅಡ್ಡಾಡಿ, ಒಬ್ಬರಿಗೊಬ್ಬರು ಸಿಕ್ಕಿ, ಕಾಫಿ ಕುಡಿದು ಮಾತಾಡುವ ಜಾಗ ಬೇಕು ಅಂತಿತ್ತು, ವಿಯೆನ್ನಾದ ಬೀದಿಯ ಹಾಗೆ. ಸುತ್ತ ಮನೆ, ಶಾಲೆ, ಆಸ್ಪತ್ರೆ, ಪಾರ್ಕು ಎಲ್ಲ ನಕಾಶೆಯಲ್ಲಿತ್ತು. ಕಟ್ಟಿದ್ದು ಮಾಲ್ ಒಂದೇ, ಅದರ ಸುತ್ತ ಕಾರು ನಿಲ್ಲಿಸುವ ಬಯಲು. ಅದೇ ಅಚ್ಚು ಜಗತ್ತಿಗೆಲ್ಲ ಹೋಯಿತು. ನೊಂದ ಗ್ರೂಯನ್ ಕೊನೆಗೆ, ಈ ಮಾಲ್‌ಗಳ ತಂದೆ ನಾನಲ್ಲ, ಇವುಗಳ ಜೀವನಾಂಶ ಕೊಡುವುದಿಲ್ಲ ಎನ್ನುವ ಮಟ್ಟಕ್ಕೆ ಹೋದರು. 1968ರಲ್ಲಿ ವಿಯೆನ್ನಾಕ್ಕೇ ಮರಳಿದರು. ಹಳೇ ನಗರದ ನಡುಭಾಗದಿಂದ ಕಾರುಗಳನ್ನು ದೂರ ಇಡಲು ಯೋಜನೆ ಮಾಡಿಕೊಟ್ಟರು. ಇವತ್ತು ಕೇರ್ಂಟ್ನರ್ ಬೀದಿಯಲ್ಲಿ ಕಾರಿಲ್ಲದೆ ನಡೆಯುವವರು ಅವರ ಋಣದಲ್ಲಿದ್ದಾರೆ. ಆದರೆ 1976ರಲ್ಲಿ ವಿಯೆನ್ನಾದ ದಕ್ಷಿಣ ಅಂಚಿನಲ್ಲೇ ಒಂದು ಭಾರಿ ಮಾಲ್ ತೆರೆಯಿತು, ಅವರು ತಪ್ಪಿಸಿಕೊಂಡು ಬಂದ ಅದೇ ಅಮೆರಿಕನ್ ಅಚ್ಚಿನದು. ನಾನು ಎರಡು ಮಾಲ್‌ಗಳ ನಕಾಶೆಗೆ ಕೆಲಸ ಮಾಡಿದವನು. ಗ್ರೂಯನ್ನರ ಮೂಲ ಚಿತ್ರಗಳನ್ನು ನೋಡಿದಾಗ ಅವುಗಳ ಸುತ್ತ ಒಂದು ಮರದ ನೆರಳಿಗಾದರೂ ನಾನು ಹಟ ಹಿಡಿಯಬೇಕಿತ್ತು ಅನ್ನಿಸುತ್ತದೆ.

ತಂಬೂರಿ

ಸಂಗೀತದಲ್ಲೂ ಹೀಗೇ. ಹಾಲಿವುಡ್ ಸಿನಿಮಾಕ್ಕೆ ದೊಡ್ಡ ವಾದ್ಯಮೇಳದ ಹಿನ್ನೆಲೆ ಸಂಗೀತ ಕಟ್ಟಿದವರಲ್ಲಿ ಮುಂದೆ ನಿಲ್ಲುವವರು ಇಬ್ಬರು, ಇಬ್ಬರೂ ವಿಯೆನ್ನಾದಲ್ಲಿ ಕಲಿತವರು. ಮಾಕ್ಸ್ ಸ್ಟೈನರ್, 1933ರ 'ಕಿಂಗ್ ಕಾಂಗ್'. ಇನ್ನೊಬ್ಬರು ಎರಿಕ್ ವೋಲ್ಫ್‌ಗಾಂಗ್ ಕೋರ್ನ್‌ಗೋಲ್ಡ್. 1938ರ ಆರಂಭದಲ್ಲಿ 'ರಾಬಿನ್ ಹುಡ್' ಸಿನಿಮಾಕ್ಕೆ ಸಂಗೀತ ಮಾಡಲು ಹಾಲಿವುಡ್ಡಿಗೆ ಬಂದಿದ್ದರು. ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಆ ಸಿನಿಮಾವೇ ನನ್ನ ಜೀವ ಉಳಿಸಿತು ಅನ್ನುತ್ತಿದ್ದರು. ಯುದ್ಧದ ನಂತರ ವಿಯೆನ್ನಾಕ್ಕೆ ಹೋದರೆ ಕೇಳುವವರ ಕಿವಿಯೇ ಬದಲಾಗಿತ್ತು. ಲಾಸ್ ಏಂಜಲೀಸಿಗೇ ಮರಳಿ ಅಲ್ಲೇ ತೀರಿಕೊಂಡರು. ಅವರ ಪಿಟೀಲು ಕನ್ಸರ್ಟೊ ಕೇಳಿ. ಸಿನಿಮಾಕ್ಕೆ ಮಾಡಿದ್ದ ರಾಗಗಳನ್ನೇ ಅದರಲ್ಲಿ ಮತ್ತೆ ನೇಯ್ದಿದ್ದಾರೆ. ನಾನು ಬೇಸರವಾದಾಗಲೆಲ್ಲ ಹಾಕುತ್ತೇನೆ.

ಹೊಬೊಕನ್ ಹೊಳೆಸಾಲು

ಒಂದು ಮಾತು ಖಾರವಾಗಿ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಇವರನ್ನೆಲ್ಲ 'ಆಸ್ಟ್ರಿಯಾದ ಹೆಮ್ಮೆ' ಎಂದು ಪಟ್ಟಿ ಮಾಡುವುದು ಸರಿಯೇ? ವಿಯೆನ್ನಾದಲ್ಲಿ 1929ರಲ್ಲಿ ಹುಟ್ಟಿದ ಎರಿಕ್ ಕ್ಯಾಂಡೆಲ್ ನೆನಪಿನ ಶಕ್ತಿಯ ಮೇಲೆ ಸಂಶೋಧನೆ ಮಾಡಿ 2000ದಲ್ಲಿ ನೊಬೆಲ್ ಪಡೆದರು. ಒಂಬತ್ತನೇ ಹುಟ್ಟುಹಬ್ಬಕ್ಕೆ ಅಪ್ಪ ನೀಲಿ ಬಣ್ಣದ ಆಟಿಕೆ ಕಾರು ಕೊಟ್ಟಿದ್ದರು. ಎರಡು ದಿನಕ್ಕೆ ನಾಜಿ ಪೊಲೀಸರು ಬಂದು ಮನೆ ಬಿಡಿಸಿದರು. ತಿರುಗಿ ಬಂದಾಗ ಕಾರೂ ಇರಲಿಲ್ಲ. ನೊಬೆಲ್ ಬಂದ ದಿನ ಆಸ್ಟ್ರಿಯಾದಿಂದ ಅಭಿನಂದನೆ ಬಂದಾಗ, ಇದು ಆಸ್ಟ್ರಿಯಾದ್ದಲ್ಲ, ಅಮೆರಿಕದ ಯೆಹೂದಿಯ ನೊಬೆಲ್ ಎಂದರು. ನನಗೆ ಅದು ನ್ಯಾಯವಾಗಿಯೇ ಕಾಣುತ್ತದೆ. ಆಸ್ಟ್ರಿಯಾದ ಸುಮಾರು 65,000 ಯೆಹೂದಿಗಳನ್ನು ಕೊಂದಿದ್ದಾರೆ.

ಮಲೆನಾಡ ಹುಡುಗಿ

ಬೇಜಾರಿಲ್ಲ, ನೀವು ಹೇಳಿದ್ದು ಸರಿ. ಮುಂದಿನದನ್ನೂ ಹೇಳಬೇಕು. ಆಗ ಇಲ್ಲಿನ ಅಧ್ಯಕ್ಷರು ಕ್ಯಾಂಡೆಲ್ ಅವರಿಗೇ ಫೋನ್ ಮಾಡಿ, ಏನು ಮಾಡಿದರೆ ಸರಿಹೋದೀತು ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ಒಂದು: ವಿಶ್ವವಿದ್ಯಾಲಯದ ಮುಂದಿನ ರಸ್ತೆಗೆ ಯೆಹೂದಿ ದ್ವೇಷಿ ಮೇಯರ್ ಲುಯೇಗರ್ ಹೆಸರು ಇರಬಾರದು. 2012ರಲ್ಲಿ ಅದನ್ನು ಬದಲಾಯಿಸಿದರು. ನಾನು ಆ ರಸ್ತೆಯಲ್ಲೇ ಟ್ರ್ಯಾಮ್ ಇಳಿಯುತ್ತೇನೆ.

ಮಾರಿಯಾ ಆಲ್ಟ್‌ಮನ್ ವಿಷಯವೂ ಇದೆ. ಕ್ಲಿಮ್ಟ್ ಬರೆದ ಚಿನ್ನದ ಬಣ್ಣದ ಆಡೆಲೆ ಚಿತ್ರ ಅವರ ಚಿಕ್ಕಮ್ಮನದು. ನಾಜಿಗಳು ದೋಚಿದ್ದು ಬೆಲ್ವೆಡೆರೆ ಮ್ಯೂಸಿಯಮ್ಮಿನಲ್ಲೇ ಉಳಿದಿತ್ತು. ಲಾಸ್ ಏಂಜಲೀಸಿನಲ್ಲಿದ್ದ ಆಲ್ಟ್‌ಮನ್ ಆಸ್ಟ್ರಿಯಾದ ಮೇಲೇ ಅಮೆರಿಕದಲ್ಲಿ ದಾವೆ ಹೂಡಿದರು. ದಾವೆ ನಡೆಸಬಹುದು ಎಂದು 2004ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಅವರು ಆಸ್ಟ್ರಿಯಾದ ಮೂವರು ಪಂಚರ ತೀರ್ಪಿಗೇ ಒಪ್ಪಿಕೊಂಡರು. 2006ರ ಜನವರಿಯಲ್ಲಿ ಆ ಪಂಚರು ಐದು ಚಿತ್ರಗಳನ್ನು ಅವರಿಗೇ ಕೊಡಬೇಕೆಂದರು. ಅವರಿಗಾಗಲೇ ಹತ್ತಿರ ಹತ್ತಿರ ತೊಂಬತ್ತು ವರ್ಷ. ಆಡೆಲೆ ಈಗ ನ್ಯೂಯಾರ್ಕಿನ ನೊಯೆ ಗ್ಯಾಲರಿಯಲ್ಲಿದ್ದಾಳೆ. ಆ ಮೂವರೂ ಆಸ್ಟ್ರಿಯಾದವರು ಅನ್ನುವುದು ನನಗೆ ಮುಖ್ಯ.

ಧಾರವಾಡ ಮಾಸ್ತರ

1945ರ ಮ್ಯಾಲಿನ ಹತ್ತು ವರ್ಷ ಯಾರೂ ಬರೀಲಿಲ್ಲ, ನಾನೇ ಬರೀತೇನಿ. ಆಸ್ಟ್ರಿಯಾವನ್ನ ನಾಲ್ಕು ದೇಶ ಹಂಚಿಕೊಂಡು ಕೂತಿದ್ವು. ಸಾಲ್ಸ್‌ಬರ್ಗ್, ದಾನ್ಯೂಬಿನ ದಕ್ಷಿಣದ ಮೇಲಿನ ಆಸ್ಟ್ರಿಯಾ ಅಮೆರಿಕದ ಪಾಲಿಗೆ. ವಿಯೆನ್ನಾದ ನಟ್ಟನಡುವಿನ ಜಿಲ್ಲಾದಾಗ ನಾಲ್ಕೂ ದೇಶದ ಸಿಪಾಯಿಗಳು ಒಂದೇ ಜೀಪಿನಾಗ ಗಸ್ತು ತಿರಗ್ತಿದ್ರು. ಯುದ್ಧದಾಗ ಹಾಳಾದ ಯುರೋಪ್ ಕಟ್ಟಲಿಕ್ಕೆ ಅಮೆರಿಕ ಕೊಟ್ಟ ಮಾರ್ಷಲ್ ಯೋಜನೆಯ ರೊಕ್ಕ ಸೋವಿಯತ್ ಸೈನ್ಯ ಇದ್ದ ಭಾಗಕ್ಕೂ ಮುಟ್ಟಿದ್ದು ಆಸ್ಟ್ರಿಯಾದಾಗ ಮಾತ್ರ. ಕಾಪ್ರುನ್ ಆಣೆಕಟ್ಟಿನ ಕೆಲಸ ನಾಜಿಗಳು ಜೀತದಾಳುಗಳ ಕೈಲೆ ಶುರು ಮಾಡಿಸಿದ್ರು, ಎಷ್ಟೋ ಮಂದಿ ಸತ್ರು. ಮುಂದ ಅಮೆರಿಕದ ರೊಕ್ಕದಾಗ 1955ಕ್ಕ ಮುಗೀತು. ಅದೇ ವರ್ಷ ಮೇ 15ಕ್ಕ ಒಪ್ಪಂದ ಆಗಿ ಎಲ್ಲಾ ಸೈನ್ಯ ತಿರುಗಿ ಹೋದ್ವು. ಮಾರ್ಷಲ್ ನೆರವಿನಿಂದ ಕೂಡಿಟ್ಟ ನಿಧಿ ಇವತ್ತಿಗೂ ಅಲ್ಲಿಯ ಉದ್ದಿಮೆಗಳಿಗೆ ಸಾಲ ಕೊಡ್ತದ.

ತಂಗೀ, ನಿಮ್ಮ ಕಟ್ಟಡದಾಗ ಆ ಕಾಲದವರು ಯಾರರೆ ಅದಾರೇನು? ಇದ್ರ ಕೇಳಿ ಬರದು ಇಟಗೋ. ಅವರು ಹೋದಮ್ಯಾಲೆ ಯಾರನ್ನ ಕೇಳ್ತಿ?

ಮಲೆನಾಡ ಹುಡುಗಿ

ಇದ್ದಾರೆ ಮಾಸ್ತರೇ. ಕೆಳಮಹಡಿಯ ಅಜ್ಜಿಗೆ ಎಂಬತ್ತೆಂಟು. ಹುಡುಗಿಯಾಗಿದ್ದಾಗ ಲಿಂಟ್ಸ್‌ನಲ್ಲಿದ್ದರಂತೆ, ಅಮೆರಿಕದ ಕೇರ್ ಸಂಸ್ಥೆಯ ನೆರವಿನ ಪೊಟ್ಟಣದಲ್ಲಿ ಬಂದ ಹಾಲಿನ ಪುಡಿಯನ್ನು ಒಣಪುಡಿಯಾಗಿಯೇ ಬಾಯಿಗೆ ಹಾಕಿಕೊಂಡದ್ದು ನೆನಪಿದೆ ಅಂದರು. ಉಳಿದದ್ದನ್ನು ಭಾನುವಾರ ಕೂತು ಕೇಳಿ ಬರೆದುಕೊಳ್ಳುತ್ತೇನೆ.

ಅಮೆರಿಕದ ಆ ಹೆಂಗಸಿನಿಂದ ನಿನ್ನೆ ಈಮೇಲ್ ಬಂತು. ಅಜ್ಜ ಅಜ್ಜಿಯ ಹೆಸರಿನ ಹಿತ್ತಾಳೆ ಫಲಕ ನಮ್ಮ ಬಾಗಿಲ ಮುಂದೆ ಹಾಕಿಸಲು ಅರ್ಜಿ ಕೊಟ್ಟಿದ್ದಾರೆ. ವಸಂತದಲ್ಲಿ ಮೊಮ್ಮಗನನ್ನು ಕರೆದುಕೊಂಡು ಬರುತ್ತಾರಂತೆ. ಸಂಜೆ ಮೂರನೇ ಮಹಡಿಗೆ ಹೋಗಿ ಮಾತಾಡಿದೆ. ಸಿರಿಯಾದಿಂದ ಬಂದ ಕುಟುಂಬ, ಮೂರು ಮಕ್ಕಳು. ಪೂರ್ತಿ ಕೇಳಿಸಿಕೊಂಡು, ಯಾವ ದಿನ ಬಂದರೂ ಬಾಗಿಲು ತೆಗೆಯುತ್ತೇವೆ, ಊಟಕ್ಕೂ ಇರಲಿ ಅಂದರು.